ಪರವಾನಗಿ ಕೆಲಸಕ್ಕೆ, ಮನುಷ್ಯನಿಗಲ್ಲ

ಮಗಳೇ, ಅಕ್ಕಲಕೋಟೆ ರಸ್ತೆಯ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ನೌಕರಿ ನಿನಗೆ ಸಿಕ್ಕಿತೆಂದು ಕೇಳಿ ಬಹಳ ಸಂತೋಷವಾಯಿತು. ವಳಸಂಗದ ಮಕ್ಕಳು ಕಂಪ್ಯೂಟರ್ ಕಲಿತರೆ ಪುಣೆಗೋ ಬೆಂಗಳೂರಿಗೋ ಹೋಗಲೇಬೇಕು ಎನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿತ್ತು. ನೀನು ಮನೆಯ ಊಟ ಉಂಡು, ಸೋಲಾಪುರದ ಬಸ್ಸು ಹತ್ತಿ, ಅದೇ ವಿದ್ಯೆಯಲ್ಲಿ ಅನ್ನ ಸಂಪಾದಿಸಲಿದ್ದೀ. ಈ ಕೆಲಸದಲ್ಲಿ ಬಹಳ ವರ್ಷ ಕಳೆದ ಹಿರಿಯನಾಗಿ, ಹಂಚಿಕೆಯ ಫೋಲ್ಡರುಗಳ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆನಿಸಿದೆ. ಸಣ್ಣ ವಿಷಯವೆಂದು ಎಲ್ಲರೂ ದಾಟಿಹೋಗುವ ಜಾಗ ಇದು. ಸಂಸ್ಥೆಗಳು ಮುಗ್ಗರಿಸುವುದೂ ಹೆಚ್ಚಾಗಿ ಇಲ್ಲಿಯೇ.

ಸೋಲಾಪುರವೆಂದರೆ ಜನರಿಗೆ ಚಾದರ, ಟವೆಲು, ಮಗ್ಗದ ಸದ್ದು. ಆದರೆ ಆ ಮಗ್ಗ ನಡೆಯಲು ಬೇಕಾದ ಕಾಗದವೆಲ್ಲ ಈಗ ಆಫೀಸಿನ ಒಂದು ಸರ್ವರಿನಲ್ಲಿದೆ. ನೇಯ್ಗೆಯ ವಿನ್ಯಾಸ, ನೂಲಿನ ಖರೀದಿ, ರಫ್ತಿನ ಇನ್‌ವಾಯ್ಸು, ಕೂಲಿಕಾರರ ಪಗಾರ ಪತ್ರಕ, ಅವರ ಆಧಾರ್ ನಕಲು, ಬ್ಯಾಂಕ್ ಖಾತೆ ಎಲ್ಲವೂ ಒಂದೇ ಡಿಸ್ಕಿನ ಅಕ್ಕಪಕ್ಕದ ಫೋಲ್ಡರುಗಳು. ಸಕ್ಕರೆ ಕಾರ್ಖಾನೆ, ಪತಸಂಸ್ಥೆ, ಆಸ್ಪತ್ರೆ, ಶಾಲೆಯ ಆಡಳಿತ ಮಂಡಳಿ, ಎಲ್ಲಿ ಹೋದರೂ ಇದೇ ವ್ಯವಸ್ಥೆ. ಅದಕ್ಕೇ ಈ ಮಾತು ನಿನ್ನೊಬ್ಬಳಿಗೆ ಮಾತ್ರವಲ್ಲ, ನಿನ್ನ ಹಾಗೆ ಈ ಭಾಗದ ಆಫೀಸುಗಳಿಗೆ ಸೇರುತ್ತಿರುವ ಎಲ್ಲ ಮಕ್ಕಳಿಗೂ.

ಮೊದಲ ವಾರದಲ್ಲೇ ಒಂದು ಒತ್ತಡ ಬರುತ್ತದೆ. ಸಂಜೆ ಲಾರಿ ಹೊರಡುವ ಹೊತ್ತು, ಯಾರಿಗೋ ಒಂದು ಕಡತ ತೆರೆಯುತ್ತಿಲ್ಲ. ಮ್ಯಾನೇಜರ್ ಬಂದು, ‘ಎಲ್ಲರಿಗೂ ಓಪನ್ ಮಾಡಿಬಿಡು, ನಾಳೆ ನೋಡೋಣ’ ಎನ್ನುತ್ತಾರೆ. ‘ಎವ್ರಿಒನ್’ ಎಂಬ ಹೆಸರಿಗೆ ‘ಫುಲ್ ಕಂಟ್ರೋಲ್’ ಕೊಟ್ಟರೆ ಅರ್ಧ ನಿಮಿಷದಲ್ಲಿ ಕಡತ ತೆರೆದುಕೊಳ್ಳುತ್ತದೆ, ಎಲ್ಲರೂ ನಿನ್ನನ್ನು ಹೊಗಳುತ್ತಾರೆ. ಆ ನಾಳೆ ಮಾತ್ರ ಬರುವುದೇ ಇಲ್ಲ. ವರ್ಷಗಳ ನಂತರವೂ ಆ ಫೋಲ್ಡರು ಹಾಗೆಯೇ ತೆರೆದಿರುತ್ತದೆ. ಅಂಥ ಸಂಜೆಯಲ್ಲಿ ನಿನ್ನ ಕೈ ತಡೆಯಲು ಒಂದು ಸೂತ್ರ ಮನಸ್ಸಿನಲ್ಲಿ ಇಟ್ಟುಕೋ: ಪರವಾನಗಿ ಕೊಡುವುದು ಕೆಲಸಕ್ಕೆ, ಮನುಷ್ಯನಿಗಲ್ಲ.

ನಮ್ಮ ಕಡೆ ಈ ಮಾತು ಪಾಲಿಸುವುದು ಕಷ್ಟ. ಕಾರಣ ಗೊತ್ತಲ್ಲ, ಆಫೀಸಿನಲ್ಲಿ ಅರ್ಧ ಜನ ಕಾಕಾ, ಮಾಮಾ, ಅಣ್ಣ. ‘ನಿಮಗೆ ಈ ಫೋಲ್ಡರು ಕಾಣಿಸುವುದಿಲ್ಲ’ ಎಂದರೆ ‘ನಿಮ್ಮ ಮೇಲೆ ನಂಬಿಕೆಯಿಲ್ಲ’ ಎಂದು ಹೇಳಿದಂತೆ ಕೇಳಿಸುತ್ತದೆ. ಹೊಸದಾಗಿ ಸೇರಿದ ಹುಡುಗಿ, ವಯಸ್ಸಾದವರಿಗೆ ಇಲ್ಲವೆನ್ನುವುದು ಇನ್ನೂ ಕಷ್ಟ. ಅಂಥ ಹೊತ್ತಿನಲ್ಲಿ ಅವರಿಗೆ ನಿಜವನ್ನೇ ಹೇಳು. ಕೀಲಿಯೇ ಇಲ್ಲದವನ ಮೇಲೆ ಕಳ್ಳತನದ ಅನುಮಾನ ಬರುವುದಿಲ್ಲ. ಪಗಾರ ಪತ್ರಕದಲ್ಲಿ ಒಂದು ಅಂಕಿ ಬದಲಾದರೆ, ಅದನ್ನು ಬದಲಿಸಬಲ್ಲವರು ಮೂವರೇ ಎಂದಿದ್ದರೆ ಮೂವರನ್ನು ಕೇಳಿದರೆ ಸಾಕು. ಎಲ್ಲರಿಗೂ ತೆರೆದಿದ್ದರೆ ಅನುಮಾನವೂ ಎಲ್ಲರ ಮೇಲೆ. ಕೊನೆಗೆ ಅದು ಹೋಗಿ ಬೀಳುವುದು ಎಲ್ಲರಿಗಿಂತ ಕಡಿಮೆ ಪಗಾರದ, ಎದುರು ಮಾತಾಡಲಾಗದ ಗುಮಾಸ್ತನ ಮೇಲೆ. ಪರವಾನಗಿಯನ್ನು ಬಿಗಿ ಮಾಡುವುದು ಅಂಥವನನ್ನು ಕಾಯುವ ಕೆಲಸ. ಇದನ್ನು ನೀನು ಮನಸಾರೆ ನಂಬಿದರೆ ಇಲ್ಲವೆನ್ನುವಾಗ ನಿನ್ನ ದನಿ ನಡುಗುವುದಿಲ್ಲ.

ಈ ತತ್ವ ನನ್ನದಲ್ಲ. 1975ರಲ್ಲಿಯೇ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆಯ ಕುರಿತು ಬರೆದ ಲೇಖನದಲ್ಲಿ ಇದನ್ನು ಸ್ಪಷ್ಟವಾಗಿ ಇಟ್ಟಿದ್ದಾರೆ. ಪ್ರತಿಯೊಬ್ಬ ಬಳಕೆದಾರನೂ, ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಲ್ಲಿ ನಡೆಯಬೇಕು. ಮೊದಲಿಗೆ ಎಲ್ಲವೂ ಮುಚ್ಚಿರಬೇಕು, ಕಾರಣವಿದ್ದಲ್ಲಿ ಮಾತ್ರ ತೆರೆಯಬೇಕು. ಐವತ್ತು ವರ್ಷಗಳಲ್ಲಿ ಯಂತ್ರಗಳು ಬದಲಾದವು, ಈ ಎರಡು ಮಾತು ಬದಲಾಗಲಿಲ್ಲ.

ಇನ್ನು ಕೆಲಸದ ಮಾತು. ಯಾವುದೇ ಫೋಲ್ಡರು ಮಾಡುವ ಮೊದಲು ಅದರ ಯಜಮಾನ ಯಾರೆಂದು ಕೇಳು. ಪಗಾರದ ಫೋಲ್ಡರಿಗೆ ಲೆಕ್ಕದ ಮುಖ್ಯಸ್ಥರು, ವಿನ್ಯಾಸದ ಫೋಲ್ಡರಿಗೆ ಉತ್ಪಾದನೆಯ ಮುಖ್ಯಸ್ಥರು. ಯಾರು ಓದಬೇಕು, ಯಾರು ಬರೆಯಬೇಕು ಎಂದು ತೀರ್ಮಾನಿಸುವುದು ಅವರು. ಆ ತೀರ್ಮಾನವನ್ನು ಸರ್ವರಿನಲ್ಲಿ ಕೂಡಿಸುವುದು ನೀನು. ಈ ಎರಡು ಪಾತ್ರಗಳನ್ನು ಬೆರೆಸಿಕೊಂಡರೆ ಊರಿನ ಎಲ್ಲ ತಕರಾರಿಗೂ ನೀನೇ ನ್ಯಾಯ ಹೇಳುತ್ತ ಕೂಡಬೇಕಾದೀತು. ಯಜಮಾನನಿಲ್ಲದ ಫೋಲ್ಡರು ಕಂಡರೆ ಅದಕ್ಕೆ ಹೊಸಬರನ್ನು ಸೇರಿಸಬೇಡ. ಮೊದಲು ಯಜಮಾನನನ್ನು ಗೊತ್ತು ಮಾಡಿಸು.

ಫೋಲ್ಡರಿನ ಮೇಲೆ ವ್ಯಕ್ತಿಯ ಹೆಸರನ್ನು ನೇರವಾಗಿ ಎಂದೂ ಬರೆಯಬೇಡ. ಗುಂಪು ಮಾಡು. ಆಕ್ಟಿವ್ ಡೈರೆಕ್ಟರಿ ಇದ್ದರೆ ಎರಡು ಹಂತದ ಪದ್ಧತಿ ಬಹಳ ಒಳ್ಳೆಯದು. ಮೊದಲನೆಯದು ಕೆಲಸದ ಗುಂಪು: ಲೆಕ್ಕದವರು, ಖರೀದಿಯವರು, ರಫ್ತಿನವರು. ಎರಡನೆಯದು ಫೋಲ್ಡರಿನ ಗುಂಪು: ಪಗಾರ ಓದುವವರು, ಪಗಾರ ಬರೆಯುವವರು. ಮನುಷ್ಯರನ್ನು ಕೆಲಸದ ಗುಂಪಿಗೆ ಸೇರಿಸು, ಕೆಲಸದ ಗುಂಪನ್ನು ಫೋಲ್ಡರಿನ ಗುಂಪಿಗೆ ಸೇರಿಸು, ಫೋಲ್ಡರಿನ ಮೇಲೆ ಎರಡನೆಯ ಗುಂಪಿನ ಹೆಸರು ಮಾತ್ರ ಇರಲಿ. ಖರೀದಿಯ ಹುಡುಗ ರಫ್ತಿಗೆ ಬದಲಾದರೆ ಒಂದು ಗುಂಪಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು, ನೂರು ಫೋಲ್ಡರು ಹುಡುಕಬೇಕಾಗಿಲ್ಲ. ಅವನು ನೌಕರಿ ಬಿಟ್ಟರೆ, ಫೋಲ್ಡರಿನ ಮೇಲೆ ಹೆಸರಿನ ಬದಲು ಉದ್ದನೆಯ ಅಂಕಿಯ ಸಾಲೊಂದು ಅನಾಥವಾಗಿ ಉಳಿಯುವುದೂ ಇಲ್ಲ.

ವಿಂಡೋಸ್ ಸರ್ವರಿನಲ್ಲಿ ಬಾಗಿಲು ಎರಡಿವೆ. ನೆಟ್‌ವರ್ಕಿನಿಂದ ಬರುವವರಿಗೆ ಷೇರ್ ಪರವಾನಗಿ, ಡಿಸ್ಕಿನ ಮೇಲೆ ಎನ್‌ಟಿಎಫ್‌ಎಸ್ ಪರವಾನಗಿ. ನೆಟ್‌ವರ್ಕಿನಿಂದ ಬರುವವನಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಎರಡೂ ಕಡೆ ಬೇರೆಬೇರೆ ನಿಯಮ ಹಾಕಿದರೆ ಯಾರಿಗೆ ಏನು ಸಿಗುತ್ತದೆಂದು ನಿನಗೇ ತಿಳಿಯದಂತಾಗುತ್ತದೆ. ಷೇರಿನಲ್ಲಿ ‘ಎವ್ರಿಒನ್’ ತೆಗೆದು, ಲಾಗಿನ್ ಆದ ಬಳಕೆದಾರರಿಗೆ ‘ಚೇಂಜ್’ ಕೊಡು. ಸೂಕ್ಷ್ಮ ನಿಯಮವೆಲ್ಲ ಎನ್‌ಟಿಎಫ್‌ಎಸ್‌ನಲ್ಲಿ ಒಂದೇ ಕಡೆ ಇರಲಿ. ಬರೆಯುವವರಿಗೆ ‘ಮಾಡಿಫೈ’ ಸಾಕು. ‘ಫುಲ್ ಕಂಟ್ರೋಲ್’ ಕೊಟ್ಟರೆ ಅವರು ಪರವಾನಗಿಯನ್ನೇ ಬದಲಿಸಬಹುದು, ನಿನ್ನನ್ನೇ ಹೊರಗೆ ಹಾಕಬಹುದು. ‘ಡಿನೈ’ ಎಂಬ ನಿರಾಕರಣೆಯನ್ನು ಆದಷ್ಟು ದೂರವಿಡು. ಎರಡು ಗುಂಪಿನಲ್ಲಿರುವ ಒಬ್ಬನಿಗೆ ಒಂದು ಗುಂಪಿನ ‘ಡಿನೈ’ ಇನ್ನೊಂದರ ಪರವಾನಗಿಯನ್ನು ನುಂಗುತ್ತದೆ, ಕಾರಣ ಹುಡುಕುವುದರಲ್ಲಿ ದಿನ ಹೋಗುತ್ತದೆ. ಪರವಾನಗಿ ಬದಲಾಗಬೇಕಾದರೆ ಮೇಲಿನ ಒಂದೆರಡು ಹಂತದ ಫೋಲ್ಡರಿನಲ್ಲೇ ಬದಲಾಗಲಿ. ಆರು ಹಂತ ಕೆಳಗೆ ಒಂದು ಫೋಲ್ಡರಿಗೆ ಮಾತ್ರ ಬೇರೆ ನಿಯಮ ಬೇಕಾದರೆ ಆ ಫೋಲ್ಡರನ್ನೇ ಎತ್ತಿ ಮೇಲೆ ಇಡು. ಪರವಾನಗಿಯಿಲ್ಲದ ಫೋಲ್ಡರು ಕಣ್ಣಿಗೇ ಬೀಳದಂತೆ ಮಾಡುವ ಸೌಲಭ್ಯವೂ ವಿಂಡೋಸ್ ಸರ್ವರಿನಲ್ಲಿದೆ. ಅದನ್ನು ಚಾಲೂ ಮಾಡಿದರೆ ಕಾಕಾನ ಕಣ್ಣಿಗೆ ಬೀಗದ ಫೋಲ್ಡರೇ ಕಾಣುವುದಿಲ್ಲ, ಮನಸ್ತಾಪಕ್ಕೂ ಎಡೆಯಿಲ್ಲ.

ಇಲ್ಲೊಂದು ಸಣ್ಣ ಸಂಗತಿ, ಇದು ಗೊತ್ತಿಲ್ಲದೆಯೇ ಎಷ್ಟೋ ಕಡೆ ‘ಎವ್ರಿಒನ್’ ಬಂದು ಕೂತಿದೆ. ಗುಂಪಿಗೆ ಒಬ್ಬರನ್ನು ಸೇರಿಸಿದ ಕೂಡಲೇ ಫೋಲ್ಡರು ತೆರೆಯುವುದಿಲ್ಲ. ಯಾವ ಯಾವ ಗುಂಪಿನಲ್ಲಿದ್ದಾನೆ ಎಂಬ ಪಟ್ಟಿ ಬಳಕೆದಾರ ಲಾಗಿನ್ ಆಗುವ ಹೊತ್ತಿಗೆ ತಯಾರಾಗುತ್ತದೆ. ಆದ್ದರಿಂದ ಸೇರಿಸಿದ ಮೇಲೆ ಅವನು ಒಮ್ಮೆ ಲಾಗ್ ಆಫ್ ಆಗಿ ಮತ್ತೆ ಬರಬೇಕು. ‘ಸೇರಿಸಿದೆ, ಆದರೂ ಬರುತ್ತಿಲ್ಲ’ ಎಂದು ಗಾಬರಿಯಾಗಿ ನೇರ ಹೆಸರು ಹಾಕಬೇಡ, ‘ಒಮ್ಮೆ ಹೊರಗೆ ಹೋಗಿ ಬನ್ನಿ’ ಎನ್ನು. ಹಾಗೆಯೇ, ಒಂದೇ ಡಿಸ್ಕಿನೊಳಗೆ ಕಡತವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದರೆ ಅದು ಹಳೆಯ ಪರವಾನಗಿಯನ್ನೇ ಹೊತ್ತುಕೊಂಡು ಹೋಗಬಹುದು. ನಕಲು ಮಾಡಿದರೆ ಹೊಸ ಫೋಲ್ಡರಿನದು ಬರುತ್ತದೆ. ಸರಿಸಿದ ಮೇಲೆ ‘ಎಫೆಕ್ಟಿವ್ ಆಕ್ಸೆಸ್’ ತೆರೆದು ಒಮ್ಮೆ ನೋಡುವುದನ್ನು ಮರೆಯಬೇಡ.

ಮನುಷ್ಯರಾಯಿತು, ಈಗ ತಂತ್ರಾಂಶಗಳು. ಇಆರ್‌ಪಿ, ಬಿಲ್ಲಿಂಗ್, ಹಾಜರಿಯ ಯಂತ್ರ, ಇವೂ ಹಂಚಿಕೆಯ ಫೋಲ್ಡರಿಗೆ ಬಂದು ಓದುತ್ತವೆ, ಬರೆಯುತ್ತವೆ. ಅವುಗಳಿಗೆ ಅಡ್ಮಿನಿಸ್ಟ್ರೇಟರ್ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಕೈತೊಳೆದುಕೊಳ್ಳುವುದು ದೊಡ್ಡ ಅಪಾಯ. ಪ್ರತಿ ತಂತ್ರಾಂಶಕ್ಕೂ ಅದರದೇ ಸರ್ವಿಸ್ ಅಕೌಂಟ್ ಇರಲಿ, ಆ ಅಕೌಂಟಿಗೆ ಅದರ ಫೋಲ್ಡರು ಮಾತ್ರ ಕಾಣಲಿ, ಅದರಿಂದ ಯಾರೂ ಕಂಪ್ಯೂಟರಿಗೆ ಲಾಗಿನ್ ಆಗದಂತಿರಲಿ. ವಿಂಡೋಸ್ ಸರ್ವರ್ 2012ರಿಂದ ಗುಂಪು ನಿರ್ವಹಣೆಯ ಸರ್ವಿಸ್ ಅಕೌಂಟ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಪಾಸ್‌ವರ್ಡನ್ನು ವ್ಯವಸ್ಥೆಯೇ ಬದಲಿಸುತ್ತದೆ, ಬೇರೆ ಹೇಳದಿದ್ದರೆ 30 ದಿನಕ್ಕೊಮ್ಮೆ. ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಬೇಕಾದ ಪಾಸ್‌ವರ್ಡೇ ಇರುವುದಿಲ್ಲ.

ತಂತ್ರಾಂಶಕ್ಕೆ ದಾರಿ ಕೊಡುವಾಗ ಝಡ್ ಡ್ರೈವ್, ಎಕ್ಸ್ ಡ್ರೈವ್ ಎಂದು ಕೊಡಬೇಡ. ಆ ಅಕ್ಷರ ಲಾಗಿನ್ ಆದ ಮನುಷ್ಯನಿಗೆ ಸೇರಿದ್ದು. ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ನಡೆಯುವ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ. ಹಗಲು ನೀನು ಕೂತಾಗ ಸರಿಯಾಗಿ ನಡೆದು, ರಾತ್ರಿ ಎಲ್ಲರೂ ಹೋದ ಮೇಲೆ ವರದಿ ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ. ಸರ್ವರ್ ಹೆಸರು, ಷೇರ್ ಹೆಸರು ಇರುವ ಪೂರ್ಣ ದಾರಿಯನ್ನೇ ಕೊಡು. ‘ಲೋಕಲ್ ಸಿಸ್ಟಂ’ ಹೆಸರಿನಲ್ಲಿ ನಡೆಯುವ ಸರ್ವಿಸು ನೆಟ್‌ವರ್ಕಿಗೆ ಹೊರಟಾಗ ಕಂಪ್ಯೂಟರಿನ ಅಕೌಂಟನ್ನು ಬಳಸುತ್ತದೆ ಎಂಬುದೂ ನೆನಪಿರಲಿ. ಬಳಕೆದಾರನಿಗೆ ಪರವಾನಗಿ ಕೊಟ್ಟು ಕೊಟ್ಟು ಸುಸ್ತಾಗುವ ಮೊದಲು ಯಾರು ಬಾಗಿಲು ತಟ್ಟುತ್ತಿದ್ದಾರೆಂದು ಲಾಗ್‌ನಲ್ಲಿ ನೋಡು. ಲಿನಕ್ಸ್ ಸರ್ವರಿನಿಂದ ಎನ್‌ಎಫ್‌ಎಸ್ ಮೂಲಕ ಹಂಚುವಾಗ, ಕೆಲಸ ಸಲೀಸಾಗಲೆಂದು ‘ನೋ ರೂಟ್ ಸ್ಕ್ವಾಶ್’ ಹಾಕುವವರಿದ್ದಾರೆ. ಆಗ ಎದುರಿನ ಯಂತ್ರದ ರೂಟ್ ನಿನ್ನ ಕಡತಗಳಿಗೂ ರೂಟ್ ಆಗುತ್ತಾನೆ. ಅದನ್ನು ಹಾಕಬೇಡ.

ನಮ್ಮ ಕಡೆ ಲೆಕ್ಕವೆಂದರೆ ಟ್ಯಾಲಿ. ಬೆಂಗಳೂರಿನ ಈ ತಂತ್ರಾಂಶ ಇಲ್ಲದ ಅಂಗಡಿಯೇ ಅಪರೂಪ. ಸಾಮಾನ್ಯ ಬಹುಬಳಕೆಯ ಜೋಡಣೆಯಲ್ಲಿ ಅದರ ಡೇಟಾ ಫೋಲ್ಡರನ್ನು ಹಂಚಬೇಕು, ಬಳಸುವವರಿಗೆ ಬರೆಯುವ ಪರವಾನಗಿ ಕೊಡಲೇಬೇಕು. ತಂತ್ರಾಂಶದೊಳಗೆ ಪಾಸ್‌ವರ್ಡ್ ಇದೆ ಎಂದು ಸಮಾಧಾನಪಡಬೇಡ. ಫೋಲ್ಡರೇ ತೆರೆದಿದ್ದರೆ ಅದನ್ನು ಪೆನ್‌ಡ್ರೈವಿಗೆ ನಕಲಿಸುವುದಕ್ಕೂ ಅಳಿಸುವುದಕ್ಕೂ ಆ ಪಾಸ್‌ವರ್ಡ್ ಬೇಕಾಗಿಲ್ಲ. ಆ ಫೋಲ್ಡರಿಗೆ ಲೆಕ್ಕದವರ ಗುಂಪು ಮಾತ್ರ ಇರಲಿ, ಬೇರೆ ಕಡತಗಳನ್ನು ಅದರೊಳಗೆ ತುಂಬಬೇಡ, ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಟ್ಯಾಲಿ ವಾಲ್ಟ್ ಬಳಸು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜಾಡು ಇಡುವ ಫೋಲ್ಡರನ್ನೇ ಯಾರು ಬೇಕಾದರೂ ಅಳಿಸಬಹುದಾದರೆ ಆ ನಿಯಮ ಪಾಲಿಸಿ ಏನು ಬಂತು?

ಈಗ ಹಳೆಯ ಬಾಗಿಲುಗಳ ವಿಷಯ. ವಿಂಡೋಸ್ ಕಡತ ಹಂಚಿಕೆಯ ಭಾಷೆಗೆ ಎಸ್‌ಎಂಬಿ ಎಂದು ಹೆಸರು. ಅದರ ಮೊದಲ ಆವೃತ್ತಿಯ ದೋಷವೊಂದಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ತೇಪೆ ಬಿಡುಗಡೆ ಮಾಡಿತು. ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿ, ಸುಮಾರು 150 ದೇಶಗಳ ಕಂಪ್ಯೂಟರುಗಳಲ್ಲಿ ಕಡತಗಳಿಗೆ ಬೀಗ ಹಾಕಿತು. ತೇಪೆ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎಸ್‌ಎಂಬಿಯ ಆ ಮೊದಲ ಆವೃತ್ತಿಯನ್ನು ಎಲ್ಲ ಯಂತ್ರಗಳಲ್ಲೂ ಬಂದ್ ಮಾಡು. ಹಳೆಯ ಸ್ಕ್ಯಾನರ್ ಅಥವಾ ಕಸೂತಿ ಯಂತ್ರಕ್ಕೆ ಅದೊಂದೇ ಭಾಷೆ ಗೊತ್ತು ಎಂದಾದರೆ, ಆ ಯಂತ್ರವನ್ನು ನೆಟ್‌ವರ್ಕಿನ ಬೇರೆ ತುಂಡಿನಲ್ಲಿಟ್ಟು, ಅದಕ್ಕೆಂದೇ ಒಂದು ಸಣ್ಣ ಫೋಲ್ಡರು ಕೊಡು. ಮುಖ್ಯ ಸರ್ವರಿನ ಹತ್ತಿರ ಬಿಡಬೇಡ. 445ನೆಯ ಪೋರ್ಟು ಇಂಟರ್ನೆಟ್ಟಿಗೆ ಎಂದೂ ಕಾಣಬಾರದು. ಮನೆಯಿಂದ ಕಡತ ನೋಡಬೇಕೆಂದು ಶೇಠಜಿ ಕೇಳಿದರೆ ವಿಪಿಎನ್ ಮಾಡಿಕೊಡು. ಕಡತ ಹಂಚಲೆಂದು ಸಣ್ಣ ಆಫೀಸುಗಳು ಪ್ರೀತಿಯಿಂದ ಕೊಳ್ಳುವ ನ್ಯಾಸ್ ಪೆಟ್ಟಿಗೆಗಳಿಗೂ ಇದೇ ಮಾತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹುಡುಕಿ ಹೊಡೆದದ್ದು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿದ್ದ ಅಂಥ ಪೆಟ್ಟಿಗೆಗಳನ್ನೇ. ಗೂಗಲ್ ಡ್ರೈವ್ ಬಳಸುವವರಿದ್ದರೆ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆಯನ್ನು ಬಿಡಿಸು. ವಾಟ್ಸಾಪಿನಲ್ಲಿ ಒಮ್ಮೆ ಹೋದ ಲಿಂಕು ಎಲ್ಲೆಲ್ಲಿ ಸುತ್ತುತ್ತದೆಂದು ಯಾರಿಗೂ ಹೇಳಲಾಗದು.

ಇದೆಲ್ಲ ದೊಡ್ಡವರ ಸಮಸ್ಯೆ ಎಂದು ಯಾರಾದರೂ ಹೇಳಿದರೆ ದೆಹಲಿಯ ಏಮ್ಸ್ ಆಸ್ಪತ್ರೆಯನ್ನು ನೆನಪಿಸು. 2022ರ ನವೆಂಬರ್‌ನಲ್ಲಿ ಅಲ್ಲಿನ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗದಲ್ಲಿ ಸಿಕ್ಕಿತು. ನೆಟ್‌ವರ್ಕನ್ನು ಸರಿಯಾಗಿ ತುಂಡರಿಸದೆ ಇದ್ದದ್ದು ಕಾರಣವೆಂದು ಸರ್ಕಾರವೇ ಸಂಸತ್ತಿನಲ್ಲಿ ತಿಳಿಸಿತು. ರೋಗಿಗಳ ನೋಂದಣಿ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ಇನ್ನು ಸಣ್ಣವರು. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಂಸ್ಥೆಯೊಂದರ ಮೇಲೆ ದಾಳಿಯಾದಾಗ, ರಾಷ್ಟ್ರೀಯ ಪಾವತಿ ನಿಗಮ ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತೆಂದು ಆಗ ವರದಿಯಾಯಿತು. ಸಹಕಾರವೇ ಉಸಿರಾಗಿರುವ ನಮ್ಮ ಜಿಲ್ಲೆಯವರಿಗೆ ಇದು ದೂರದ ಸುದ್ದಿಯಲ್ಲ.

ಸುಲಿಗೆ ತಂತ್ರಾಂಶದ ಗುಣ ಒಂದನ್ನು ಚೆನ್ನಾಗಿ ತಿಳಿದುಕೋ. ಅದು ಯಾರ ಕಂಪ್ಯೂಟರಿಗೆ ಬಂತೋ ಸಾಮಾನ್ಯವಾಗಿ ಅವರ ಪರವಾನಗಿಯಲ್ಲೇ ನಡೆಯುತ್ತದೆ. ರಫ್ತಿನ ಗುಮಾಸ್ತನೊಬ್ಬ ತಪ್ಪು ಲಗತ್ತು ತೆರೆದರೆ, ಅವನು ಬರೆಯಬಲ್ಲ ಫೋಲ್ಡರುಗಳಷ್ಟೂ ಹಾಳು. ಅವನಿಗೆ ರಫ್ತಿನ ಫೋಲ್ಡರು ಮಾತ್ರ ಇದ್ದರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ. ‘ಎವ್ರಿಒನ್’ ಇದ್ದರೆ ಕಾರ್ಖಾನೆಯೇ ನಿಲ್ಲುತ್ತದೆ. ನೀನೂ ಅಡ್ಮಿನ್ ಅಕೌಂಟಿನಲ್ಲಿ ಇಮೇಲ್ ಓದಬೇಡ, ದಿನದ ಕೆಲಸಕ್ಕೆ ಬೇರೆ ಸಾಮಾನ್ಯ ಅಕೌಂಟ್ ಇರಲಿ. ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಬ್ಯಾಕಪ್ ಇಟ್ಟ ಜಾಗಕ್ಕೆ ಬ್ಯಾಕಪ್ ತೆಗೆಯುವ ಅಕೌಂಟ್ ಬಿಟ್ಟು ಬೇರಾರಿಗೂ ಬರೆಯುವ ಪರವಾನಗಿ ಬೇಡ. ತಿಂಗಳಿಗೊಮ್ಮೆ ಒಂದು ಕಡತವನ್ನು ನಿಜವಾಗಿ ಮರಳಿ ತೆಗೆದು ನೋಡು; ಮರಳಿ ಬಾರದ ಬ್ಯಾಕಪ್ಪು ಬರಿಯ ಸಮಾಧಾನ.

ಗಡಿಭಾಗದ ನಮಗೆ ಹೆಚ್ಚಾಗಿ ಎದುರಾಗುವ ಒಂದು ತೊಡಕಿದೆ. ನಮ್ಮ ಆಫೀಸುಗಳಲ್ಲಿ ಕಡತದ ಹೆಸರು ಕನ್ನಡದಲ್ಲೂ ಇರುತ್ತದೆ, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಇರಲಿ, ನಮ್ಮ ಭಾಷೆಯಲ್ಲಿ ಹೆಸರಿಡುವುದು ನಮ್ಮ ಹಕ್ಕು. ಆದರೆ ಲಿನಕ್ಸ್ ಆಧಾರದ ನ್ಯಾಸ್ ಪೆಟ್ಟಿಗೆಗಳಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಅಥವಾ ದೇವನಾಗರಿಯ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಸ್ವರಚಿಹ್ನೆ ಬೇರೆ, ಒತ್ತಕ್ಷರಕ್ಕೆ ಮತ್ತಷ್ಟು. 85 ಸಂಕೇತ ದಾಟಿದರೆ ವಿಂಡೋಸಿನಲ್ಲಿ ಚೆನ್ನಾಗಿದ್ದ ಕಡತ ಬ್ಯಾಕಪ್ ಪೆಟ್ಟಿಗೆಗೆ ಹೋಗುವುದೇ ಇಲ್ಲ. ಇನ್ನೊಂದು, ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಎರಡು ಕಡತ. ಆದ್ದರಿಂದ ತಂತ್ರಾಂಶಗಳು ಹುಡುಕಿಕೊಂಡು ಬರುವ ಮೇಲಿನ ಫೋಲ್ಡರುಗಳಿಗೆ ಚಿಕ್ಕ ಇಂಗ್ಲಿಷ್ ಹೆಸರಿಡು. ಒಳಗೆ ಮನುಷ್ಯರು ಓದುವ ಕಡತಗಳಿಗೆ ಕನ್ನಡದಲ್ಲಿ ಹೆಸರಿಡು, ಚುಟುಕಾಗಿ.

ಎಲ್ಲವನ್ನೂ ಸರಿಯಾಗಿ ಕೂಡಿಸಿದ ಮೇಲೂ ಅದು ತಾನಾಗಿ ಸರಿಯಾಗಿ ಉಳಿಯುವುದಿಲ್ಲ. ಜನ ಬದಲಾಗುತ್ತಾರೆ, ಕೆಲಸ ಬದಲಾಗುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಫೋಲ್ಡರಿನ ಪಟ್ಟಿಯನ್ನು ಅದರ ಯಜಮಾನರ ಮುಂದಿಟ್ಟು, ‘ಇವರೆಲ್ಲ ಇನ್ನೂ ಬೇಕೇ?’ ಎಂದು ಕೇಳಿ ಸಹಿ ಮಾಡಿಸಿಕೋ. ಆಡಿಟ್‌ಗೆ ಬಂದವರಿಗೆ, ರಜೆಯಲ್ಲಿರುವವರ ಬದಲಿಗೆ ಕೂತವರಿಗೆ ಕೊಟ್ಟ ಪರವಾನಗಿಗೆ ಕೊನೆಯ ದಿನಾಂಕವನ್ನು ಮೊದಲೇ ಬರೆದಿಡು. ಮುಖ್ಯ ಫೋಲ್ಡರುಗಳಲ್ಲಿ ಯಾರು ತೆರೆದರು, ಯಾರು ಅಳಿಸಿದರು ಎಂಬ ದಾಖಲೆ ಚಾಲೂ ಇರಲಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ವೈಯಕ್ತಿಕ ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಮಗ್ಗದ ಕೂಲಿಕಾರನ ಆಧಾರ್ ನಕಲು ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಬಿದ್ದಿರುವುದು ಈಗ ಕಾನೂನಿನ ವಿಷಯ. ಮರ್ಯಾದೆಯ ವಿಷಯವಂತೂ ಅದು ಯಾವತ್ತೂ ಆಗಿತ್ತು.

ಕೊನೆಯದಾಗಿ, ಒಂದು ದಫ್ತರ ಇಡು. ಯಾವ ಫೋಲ್ಡರು, ಯಾರು ಯಜಮಾನ, ಯಾವ ಗುಂಪು, ಯಾವ ತಂತ್ರಾಂಶದ ಯಾವ ಅಕೌಂಟ್, ಯಾಕೆ ಕೊಟ್ಟದ್ದು, ಎಂದಿನವರೆಗೆ. ಕನ್ನಡದಲ್ಲಿ ಬರೆ, ಮರಾಠಿಯಲ್ಲಿ ಬರೆ, ನಿನ್ನ ನಂತರ ಬರುವವರಿಗೆ ಓದಲು ಬರುವ ಭಾಷೆಯಲ್ಲಿ ಬರೆ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ. ಯಾವತ್ತಾದರೊಂದು ದಿನ ನೀನೂ ದೊಡ್ಡ ನೌಕರಿಗೆ ಹೋಗುತ್ತೀ, ಹೋಗಲೇಬೇಕು. ಆ ದಿನ ಯಾರೂ ಕೇಳುವ ಮುಂಚೆ ಎಲ್ಲ ಗುಂಪುಗಳಿಂದ ನಿನ್ನ ಹೆಸರನ್ನು ತೆಗೆಸಿ, ತೆಗೆದದ್ದನ್ನು ದಫ್ತರದಲ್ಲಿ ಬರೆಸಿ, ಯಜಮಾನರ ಸಹಿ ಹಾಕಿಸಿ ಹೊರಡು. ನೀನು ಬೇರೆಯವರಿಗೆ ಹೇಳಿದ ನಿಯಮ ನಿನಗೂ ಅನ್ವಯಿಸಿತೆಂದು ಆ ಆಫೀಸಿನವರು ಕಂಡರೆ, ನಿನ್ನ ನಂತರ ಬರುವವಳು ಇಲ್ಲವೆಂದಾಗ ಅವಳ ಮಾತಿಗೂ ಬೆಲೆ ಸಿಗುತ್ತದೆ.